ಷೇರು ಆಪ್ಷನ್ ವ್ಯಾಪಾರ: ದಿಕ್ಕು ಗೊತ್ತಾದರೆ ಸಾಲದು, ತಾರೀಖೂ ಗೊತ್ತಿರಬೇಕು

ಷೇರು ಏರುತ್ತದೆ ಎಂದು ಅಂದಾಜು ಮಾಡಿ ಕಾಲ್ ಆಪ್ಷನ್ (ನಿಗದಿತ ದಿನಕ್ಕೆ ನಿಗದಿತ ಬೆಲೆಯಲ್ಲಿ ಷೇರು ಕೊಳ್ಳುವ ಹಕ್ಕು) ಕೊಂಡಿರಿ. ಷೇರು ಏರಿತು, ಆದರೂ ದುಡ್ಡು ಹೋಯಿತು. ಆಪ್ಷನ್‌ಗೆ ಹೊಸದಾಗಿ ಬಂದವರಿಗೆ ಇದು ಅರ್ಥವಾಗುವುದೇ ಇಲ್ಲ. ಮಾರುಕಟ್ಟೆ ಮೋಸ ಮಾಡಿತು ಅಂದುಕೊಳ್ಳುತ್ತಾರೆ. ಅಲ್ಲಿ ಮೋಸವೇನೂ ಇಲ್ಲ. ಆಪ್ಷನ್ ಕೊಂಡಾಗ ದಿಕ್ಕಿನ ಜೊತೆಗೆ ದಿನಗಳನ್ನೂ, ಏರಿಳಿತದ ನಿರೀಕ್ಷೆಯನ್ನೂ ದುಡ್ಡು ಕೊಟ್ಟೇ ಕೊಂಡಿರುತ್ತೀರಿ. ಆ ಎರಡರ ಲೆಕ್ಕ ಹಾಕದೆ ಇಳಿದರೆ ದಿಕ್ಕು ಸರಿಯಾಗಿದ್ದೂ ಉಪಯೋಗವಿಲ್ಲ.

ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ (ಮುಂದಿನ ದಿನಾಂಕದ ಕೊಡು-ಕೊಳ್ಳುವಿಕೆಗೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವ್ಯಕ್ತಿಗತ ವ್ಯಾಪಾರಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು. ಎಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಈ ಅಂಕಿಯನ್ನು ಓದಿಯೂ ವ್ಯಾಪಾರ ಮಾಡಲೇಬೇಕು ಅನ್ನುವವರಿಗಾಗಿ ಮುಂದಿನ ವಿವರ. ಇಲ್ಲಿ ಹೇಳುತ್ತಿರುವುದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯಲ್ಲಿ ನಡೆಯುವ ಬಿಡಿ ಕಂಪನಿಗಳ ಷೇರು ಆಪ್ಷನ್ ಬಗ್ಗೆ, ನಿಫ್ಟಿ ಸೂಚ್ಯಂಕದ ವಾರದ ಆಪ್ಷನ್ ಬಗ್ಗೆ ಅಲ್ಲ. ನಿಫ್ಟಿಯಲ್ಲಿ ಲೆಕ್ಕ ನಗದಿನಲ್ಲಿ ಮುಗಿಯುತ್ತದೆ. ಷೇರು ಆಪ್ಷನ್‌ನಲ್ಲಿ ಕೊನೆಗೆ ಷೇರನ್ನೇ ಕೊಡಬೇಕು ಅಥವಾ ತೆಗೆದುಕೊಳ್ಳಬೇಕು. ನಿಫ್ಟಿಯಲ್ಲಿ ಕಲಿತ ಅಭ್ಯಾಸಗಳನ್ನು ಇಲ್ಲಿಗೆ ತಂದವರು ಹೆಚ್ಚಾಗಿ ಎಡವುವುದು ಇದೇ ಜಾಗದಲ್ಲಿ.

ಉದಾಹರಣೆಗಳಿಗೆ ಒಂದು ಕಾಲ್ಪನಿಕ ಷೇರು ಇಟ್ಟುಕೊಳ್ಳೋಣ: ಬೆಲೆ ₹1,500, ಲಾಟ್ (ಒಂದು ಆಪ್ಷನ್ ವ್ಯಾಪಾರದ ಕನಿಷ್ಠ ಗಾತ್ರ) 400 ಷೇರು. ಅಂದರೆ ಒಂದು ಲಾಟ್‌ನ ಹಿಂದೆ ₹6 ಲಕ್ಷದ ಷೇರು ನಿಂತಿದೆ. ಪ್ರೀಮಿಯಂ, ಎಂದರೆ ಆಪ್ಷನ್‌ಗೆ ಕೊಡುವ ಬೆಲೆ, ಎಷ್ಟೇ ಸಣ್ಣದಿರಲಿ, ಈ ಆರು ಲಕ್ಷ ಮರೆಯಬೇಡಿ.

ಮೊದಲು ಮೂರು ತಾರೀಖು ಬರೆದುಕೊಳ್ಳಿ

ಚಾರ್ಟ್ ತೆರೆಯುವ ಮೊದಲೇ ಒಂದು ಹಾಳೆಯಲ್ಲಿ ಮೂರು ದಿನಾಂಕ ಬರೆಯಿರಿ.

ಒಂದು, ಎಕ್ಸ್‌ಪೈರಿ, ಎಂದರೆ ಆಪ್ಷನ್‌ನ ಅವಧಿ ಮುಗಿಯುವ ದಿನ. 2025ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇಯಲ್ಲಿ ಷೇರು ಆಪ್ಷನ್‌ಗಳು ತಿಂಗಳ ಕೊನೆಯ ಮಂಗಳವಾರ ಮುಗಿಯುತ್ತವೆ. ಅದಕ್ಕೆ ಮೊದಲು ಕೊನೆಯ ಗುರುವಾರವಿತ್ತು. ಆ ಮಂಗಳವಾರ ರಜೆಯಿದ್ದರೆ ಹಿಂದಿನ ವಹಿವಾಟಿನ ದಿನ.

ಎರಡು, ಡೆಲಿವರಿ ಮಾರ್ಜಿನ್ (ಷೇರಿನ ಕೊಡು-ಕೊಳ್ಳುವಿಕೆಗಾಗಿ ಖಾತೆಯಲ್ಲಿ ಮೊದಲೇ ಹಿಡಿದಿಡುವ ಹಣ) ಶುರುವಾಗುವ ದಿನ. ಎಕ್ಸ್‌ಪೈರಿಗೆ ನಾಲ್ಕು ವಹಿವಾಟಿನ ದಿನ ಮೊದಲು, ಎಂದರೆ ನಡುವೆ ರಜೆ ಇಲ್ಲದಿದ್ದರೆ ಹಿಂದಿನ ವಾರದ ಬುಧವಾರ. ಇದರ ವಿವರ ಕೆಳಗಿದೆ.

ಮೂರು, ಈಗಿನಿಂದ ಎಕ್ಸ್‌ಪೈರಿವರೆಗೆ ಆ ಕಂಪನಿಗೆ ಸಂಬಂಧಿಸಿದ ನಿಗದಿತ ಘಟನೆಗಳು: ತ್ರೈಮಾಸಿಕ ಫಲಿತಾಂಶ, ಲಾಭಾಂಶದ ಎಕ್ಸ್-ಡೇಟ್ (ಆ ದಿನದಿಂದ ಷೇರು ಕೊಂಡವರಿಗೆ ಲಾಭಾಂಶ ಸಿಗುವುದಿಲ್ಲ), ಬೋನಸ್ ಅಥವಾ ಷೇರು ವಿಭಜನೆ. ಬ್ಯಾಂಕ್ ಷೇರಾದರೆ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಭೆ. ಫಲಿತಾಂಶಕ್ಕೆ ಕರೆದ ಬೋರ್ಡ್ ಮೀಟಿಂಗ್‌ನ ದಿನಾಂಕವನ್ನು ಕಂಪನಿ ಮೊದಲೇ ಎಕ್ಸ್‌ಚೇಂಜ್‌ಗೆ ತಿಳಿಸುತ್ತದೆ. ಎನ್‌ಎಸ್‌ಇ ಜಾಲತಾಣದಲ್ಲಿ ಆ ಷೇರಿನ ಪುಟದಲ್ಲೇ ಸಿಗುತ್ತದೆ. ಫಲಿತಾಂಶ ವಹಿವಾಟಿನ ವೇಳೆಯಲ್ಲಿ ಬರುತ್ತದೆಯೋ ಮಧ್ಯಾಹ್ನ 3.30ರ ನಂತರವೋ ಎಂದು ಕಂಪನಿಯ ಹಿಂದಿನ ರೂಢಿ ನೋಡಿಕೊಳ್ಳಿ. ಇನ್ಫೋಸಿಸ್, ಟಿಸಿಎಸ್‌ನಂಥವು ಮಾರುಕಟ್ಟೆ ಮುಚ್ಚಿದ ಮೇಲೆ ಪ್ರಕಟಿಸುತ್ತವೆ. ಕೆಲವು ಕಂಪನಿಗಳು ಮಧ್ಯಾಹ್ನವೇ ಪ್ರಕಟಿಸಿ, ಐದೇ ನಿಮಿಷದಲ್ಲಿ ಬೆಲೆ ಅತ್ತಿತ್ತ ಎಳೆದಾಡುತ್ತದೆ.

ಈ ಮೂರರ ಜೊತೆಗೆ ಉದ್ದದ ರಜೆಗಳನ್ನೂ ಗುರುತು ಹಾಕಿ. 2023ರ ಏಪ್ರಿಲ್ 13ರ ಗುರುವಾರ ಸಂಜೆ ಇನ್ಫೋಸಿಸ್ ಫಲಿತಾಂಶ ಬಂತು. ಶುಕ್ರವಾರ ಅಂಬೇಡ್ಕರ್ ಜಯಂತಿಯ ರಜೆ, ಆಮೇಲೆ ಶನಿವಾರ, ಭಾನುವಾರ. ಸೋಮವಾರ, 17ರಂದು, ಷೇರು ದೊಡ್ಡ ಕುಸಿತದೊಂದಿಗೇ ತೆರೆದು ದಿನದ ಕೊನೆಗೆ ಶೇ. 9ಕ್ಕೂ ಹೆಚ್ಚು ಕೆಳಗೆ ನಿಂತಿತು. ನಡುವಿನ ಬೆಲೆಗಳಲ್ಲಿ ವಹಿವಾಟೇ ಆಗಲಿಲ್ಲ. ಶೇ. 3ರಲ್ಲಿ ಸ್ಟಾಪ್‌ಲಾಸ್ (ಬೆಲೆ ಇಷ್ಟು ಇಳಿದರೆ ಹೊರಬರುವ ಆರ್ಡರ್) ಇಟ್ಟವರಿಗೆ ಆ ಬೆಲೆ ಸಿಗುವ ಸಾಧ್ಯತೆಯೇ ಇರಲಿಲ್ಲ.

ಪ್ರೀಮಿಯಂ ಕರಗುವ ಲೆಕ್ಕ

ಸ್ಟ್ರೈಕ್ ಎಂದರೆ ಆಪ್ಷನ್‌ನಲ್ಲಿ ನಿಗದಿಯಾದ ಬೆಲೆ. ಅದು ಷೇರಿನ ಈಗಿನ ಬೆಲೆಗೆ ಸಮವಿರುವ ಎಟ್-ದಿ-ಮನಿ ಆಪ್ಷನ್‌ನ ಬೆಲೆಯನ್ನು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಅಂದಾಜು ಮಾಡಬಹುದು: 0.4 × ಷೇರಿನ ಬೆಲೆ × ಐವಿ × (ಉಳಿದ ದಿನಗಳು ÷ 365)ರ ವರ್ಗಮೂಲ. ಐವಿ ಎಂದರೆ ಆಪ್ಷನ್ ಚೈನ್‌ನಲ್ಲಿ (ಎಲ್ಲ ಸ್ಟ್ರೈಕ್‌ಗಳ ದರಪಟ್ಟಿಯಲ್ಲಿ) ಪ್ರತಿ ಸ್ಟ್ರೈಕ್‌ನ ಎದುರು ಕಾಣುವ ಇಂಪ್ಲೈಡ್ ವೊಲಾಟಿಲಿಟಿ. ವರ್ಷಕ್ಕೆ ಷೇರು ಎಷ್ಟು ಶೇಕಡಾ ಏರಿಳಿಯಬಹುದು ಎಂದು ಮಾರುಕಟ್ಟೆ ಕಟ್ಟಿರುವ ಅಂದಾಜು ಅದು.

ನಮ್ಮ ₹1,500ರ ಷೇರಿಗೆ ಐವಿ ಶೇ. 28 ಇದ್ದರೆ, 1500ರ ಕಾಲ್ 20 ದಿನ ಇರುವಾಗ ಸುಮಾರು ₹39. ಷೇರು ಅಲ್ಲಾಡದೆ ಅಲ್ಲೇ ಇದ್ದರೆ 10 ದಿನ ಉಳಿದಾಗ ₹28, 5 ದಿನ ಉಳಿದಾಗ ₹20, ಒಂದೇ ದಿನ ಉಳಿದಾಗ ₹9. ಮೊದಲ ಹತ್ತು ದಿನಕ್ಕೆ ₹11 ಹೋಯಿತು, ಕೊನೆಯ ಐದು ದಿನಕ್ಕೆ ₹20. ಕಳೆದುಕೊಳ್ಳುವ ವೇಗ ಕೊನೆಗೆ ಹೀಗೆ ಜಾಸ್ತಿಯಾಗುತ್ತದೆ. ಆದ್ದರಿಂದ ಎಕ್ಸ್‌ಪೈರಿ ವಾರದಲ್ಲಿ "ಬರೀ ಹತ್ತು ರೂಪಾಯಿಗೆ ಸಿಗುತ್ತಿದೆ" ಎಂದು ಕಾಲ್ ಕೊಳ್ಳುವುದು ಅಗ್ಗದ ವ್ಯಾಪಾರವಲ್ಲ. ದಿನಕ್ಕೆ ತೆರುವ ಬಾಡಿಗೆ ಲೆಕ್ಕದಲ್ಲಿ ಅದೇ ಅತ್ಯಂತ ದುಬಾರಿ.

ಇದರಿಂದ ಎರಡು ಕೆಲಸದ ನಿಯಮಗಳು ಬರುತ್ತವೆ.

ನಿಮ್ಮ ಅಂದಾಜು ನಿಜವಾಗಲು ಎಷ್ಟು ದಿನ ಬೇಕೆಂದು ಮೊದಲು ನಿರ್ಧರಿಸಿ, ಅದರ ಎರಡರಷ್ಟು ದಿನವಾದರೂ ಉಳಿದಿರುವ ಕಾಂಟ್ರ್ಯಾಕ್ಟ್ ಕೊಳ್ಳಿ. ಹತ್ತು ದಿನದಲ್ಲಿ ಷೇರು ಏರಬೇಕು ಅನ್ನಿಸಿದರೆ 20 ದಿನ ಉಳಿದಿರುವ ಆಪ್ಷನ್. ಇಲ್ಲಿ ಒಂದು ತೊಡಕಿದೆ. ಮುಂದಿನ ತಿಂಗಳ ಕಾಂಟ್ರ್ಯಾಕ್ಟ್‌ಗಳಲ್ಲಿ ವಹಿವಾಟು ತೀರಾ ಕಡಿಮೆ. ಈ ತಿಂಗಳ ಎಕ್ಸ್‌ಪೈರಿ ಹತ್ತಿರ ಬಂದ ಮೇಲಷ್ಟೇ ಅಲ್ಲಿ ಜನ ಸೇರುತ್ತಾರೆ. ಹಾಗಾಗಿ ತಿಂಗಳ ಮಧ್ಯದಲ್ಲಿ ಹೊಳೆದ ಯೋಚನೆಗೆ ಈ ತಿಂಗಳ ಆಪ್ಷನ್‌ನಲ್ಲಿ ದಿನ ಸಾಲದು, ಮುಂದಿನ ತಿಂಗಳದ್ದರಲ್ಲಿ ಗಿರಾಕಿ ಇಲ್ಲ. ಆಗ ಬಿಟ್ಟುಬಿಡುವುದೇ ಸರಿ. ಷೇರನ್ನೇ ಕೊಳ್ಳುವ ದಾರಿಯಂತೂ ಇದ್ದೇ ಇದೆ.

ಎರಡನೆಯದು ದಿನದ ಸ್ಟಾಪ್‌ಲಾಸ್. ಬೆಲೆಗೆ ಸ್ಟಾಪ್ ಇಡುವವರು ಬಹಳ, ದಿನಕ್ಕೆ ಇಡುವವರು ಕಡಿಮೆ. 20 ದಿನದ ಆಪ್ಷನ್ ಕೊಂಡು ಏಳು ದಿನವಾದರೂ ಷೇರು ಕದಲದಿದ್ದರೆ ಅದೇ ₹39ರ ಆಪ್ಷನ್ ಸುಮಾರು ₹32ಕ್ಕೆ ಬಂದಿರುತ್ತದೆ. ಒಂದು ಲಾಟ್‌ಗೆ ₹2,800 ನಷ್ಟ, ₹12,800 ಕೈಯಲ್ಲಿ. ಇಲ್ಲಿ ಹೊರಬಂದರೆ ಸಣ್ಣ ಗಾಯ. "ಇನ್ನೂ ಎರಡು ವಾರ ಇದೆಯಲ್ಲ" ಎಂದು ಕೂತರೆ ಕರಗುವ ವೇಗ ಹೆಚ್ಚುವ ಭಾಗಕ್ಕೆ ಕಾಲಿಡುತ್ತೀರಿ. ಮೂರನೇ ಒಂದು ಭಾಗ ದಿನ ಕಳೆದರೂ ನೀವು ಎಣಿಸಿದ್ದು ಶುರುವಾಗಿಲ್ಲ ಎಂದರೆ ಹೊರಬನ್ನಿ.

ಷೇರಿನಲ್ಲಿ ಬೆಲೆ ಇಳಿದಾಗ ಇನ್ನಷ್ಟು ಕೊಂಡು ಸರಾಸರಿ ಮಾಡುವ ಅಭ್ಯಾಸವಿರುವವರು ಅದನ್ನು ಆಪ್ಷನ್‌ಗೆ ತರಲೇಬಾರದು. ಷೇರಿಗೆ ಕಾಯುವ ಅವಕಾಶವಿದೆ, ಆಪ್ಷನ್‌ಗೆ ಇಲ್ಲ. ಇದಕ್ಕೆ ಇನ್ಫೋಸಿಸ್‌ನಲ್ಲೇ ಸ್ಪಷ್ಟ ಉದಾಹರಣೆ ಇದೆ. 2019ರ ಅಕ್ಟೋಬರ್ 21ರಂದು, ಮಹಾರಾಷ್ಟ್ರ ಚುನಾವಣೆಗಾಗಿ ಮಾರುಕಟ್ಟೆಗೆ ರಜೆಯಿದ್ದಾಗ, ಕಂಪನಿಯ ಲೆಕ್ಕಪತ್ರಗಳ ಬಗ್ಗೆ ಅನಾಮಧೇಯ ದೂರಿನ ಸುದ್ದಿ ಹೊರಬಂತು. ಮರುದಿನ ಷೇರು ಸುಮಾರು ಶೇ. 16 ಬಿತ್ತು. ಆರೋಪಗಳಿಗೆ ಪುರಾವೆಯಿಲ್ಲ ಎಂದು ಕಂಪನಿಯ ಆಡಿಟ್ ಸಮಿತಿ 2020ರ ಜನವರಿಯಲ್ಲಿ ಹೇಳಿತು. ಷೇರು ಇಟ್ಟುಕೊಂಡವರು ಅಲ್ಲಿಯವರೆಗೆ ಕಾಯಬಹುದಿತ್ತು. ಅಕ್ಟೋಬರ್ ಕಾಲ್ ಇಟ್ಟುಕೊಂಡಿದ್ದವರಿಗೆ ಕಂಪನಿಯ ಮೇಲಿನ ನಂಬಿಕೆ ಕೆಲಸಕ್ಕೆ ಬರಲಿಲ್ಲ, ಅವರ ಕಾಂಟ್ರ್ಯಾಕ್ಟ್ ಅಕ್ಟೋಬರ್ 31ಕ್ಕೇ ಮುಗಿದಿತ್ತು.

ಫಲಿತಾಂಶದ ಹಿಂದಿನ ದಿನ ಕೊಳ್ಳುವ ಮುನ್ನ

ಫಲಿತಾಂಶ ಹತ್ತಿರವಾದಂತೆ ಐವಿ ಏರುತ್ತದೆ. ಏನೋ ಆಗಲಿದೆ ಎಂದು ಎಲ್ಲರಿಗೂ ಗೊತ್ತು, ಆದ್ದರಿಂದ ಮಾರುವವರು ಹೆಚ್ಚು ಬೆಲೆ ಕೇಳುತ್ತಾರೆ. ಫಲಿತಾಂಶ ಬಂದ ಮರುಬೆಳಗ್ಗೆ ಆ ಅನಿಶ್ಚಿತತೆ ಮುಗಿಯಿತು, ಐವಿ ಧಡಕ್ಕನೆ ಇಳಿಯುತ್ತದೆ.

ಅದೇ ಷೇರು, ಎಕ್ಸ್‌ಪೈರಿಗೆ 7 ದಿನ, ಫಲಿತಾಂಶದ ಮುನ್ನಾದಿನ ಐವಿ ಶೇ. 45. 1500ರ ಕಾಲ್ ಸುಮಾರು ₹37. ಮರುದಿನ ಐವಿ ಶೇ. 25ಕ್ಕೆ ಬಂತು ಎಂದಿಟ್ಟುಕೊಳ್ಳಿ. ಷೇರು ಶೇ. 1 ಏರಿ ₹1,515 ಆದರೆ ಆ ಕಾಲ್ ಸುಮಾರು ₹28. ನಿಮ್ಮ ದಿಕ್ಕು ಸರಿ, ಆದರೂ ಲಾಟ್‌ಗೆ ₹3,600 ನಷ್ಟ. ಶೇ. 2 ಏರಿ ₹1,530 ಆದರೆ ಕಾಲ್ ₹38. ಷೇರು ₹30 ಏರಿದೆ, ಆಪ್ಷನ್ ಒಂದು ರೂಪಾಯಿ. ಬಿಡ್-ಆಸ್ಕ್ ಅಂತರ (ಕೊಳ್ಳುವವರು ಕೊಡಲು ಸಿದ್ಧವಿರುವ ಬೆಲೆಗೂ ಮಾರುವವರು ಕೇಳುವ ಬೆಲೆಗೂ ಇರುವ ವ್ಯತ್ಯಾಸ) ಕಳೆದರೆ ಅದೂ ಇಲ್ಲ. ಈ ವ್ಯಾಪಾರದಲ್ಲಿ ಲಾಭ ಬರಲು ಷೇರು ಏರಿದರೆ ಸಾಲದು, ಮಾರುಕಟ್ಟೆ ಎಣಿಸಿದ್ದಕ್ಕಿಂತ ಹೆಚ್ಚು ಏರಬೇಕು.

ಮಾರುಕಟ್ಟೆ ಎಷ್ಟು ಎಣಿಸಿದೆ ಎಂದು ತಿಳಿಯುವುದು ಸುಲಭ. ಎಟ್-ದಿ-ಮನಿ ಕಾಲ್ ಮತ್ತು ಪುಟ್ (ನಿಗದಿತ ಬೆಲೆಗೆ ಷೇರು ಮಾರುವ ಹಕ್ಕು) ಎರಡರ ಬೆಲೆ ಕೂಡಿಸಿ, ಷೇರಿನ ಬೆಲೆಯಿಂದ ಭಾಗಿಸಿ. ಇಲ್ಲಿ 37 + 37 = 74, ಅಂದರೆ 1500ರ ಸುಮಾರು ಶೇ. 5. ಈಗ ಆ ಕಂಪನಿಯ ಹಿಂದಿನ ಎಂಟು ಫಲಿತಾಂಶಗಳ ಮರುದಿನ ಷೇರು ಎಷ್ಟು ಕದಲಿತ್ತು ಎಂದು ಹಳೆಯ ದರಪಟ್ಟಿಯಿಂದ ತೆಗೆದು ಬರೆಯಿರಿ, ಏರಿದ್ದೋ ಇಳಿದದ್ದೋ ಎಂದು ನೋಡದೆ. ಉದಾಹರಣೆಗೆ 2.1, 3.4, 0.8, 6.2, 1.9, 4.0, 2.6, 3.0 ಎಂದು ಬಂದರೆ ಸರಾಸರಿ ಶೇ. 3. ಐದಕ್ಕೆ ಮಾರುತ್ತಿರುವ ವಸ್ತುವಿನ ಹಿಂದಿನ ಸರಾಸರಿ ಮೂರು. 74 ರೂಪಾಯಿಯಲ್ಲಿ ಫಲಿತಾಂಶದ ನಂತರ ಉಳಿಯುವ ಆರು ದಿನಗಳ ಬೆಲೆಯೂ ಸೇರಿದೆ ನಿಜ, ಆದರೂ ಈ ಅಂತರವಿದ್ದಾಗ ಬರೀ ಕಾಲ್ ಅಥವಾ ಬರೀ ಪುಟ್ ಕೊಳ್ಳುವುದು ತಪ್ಪು ಸಮಯ. ಎರಡೂ ಹತ್ತಿರ ಹತ್ತಿರ ಇದ್ದರೆ, ನಿಮಗೆ ಕಂಪನಿಯ ವ್ಯವಹಾರದ ಬಗ್ಗೆ ಗಟ್ಟಿ ಕಾರಣವಿದ್ದರೆ, ಆಗ ಯೋಚಿಸಬಹುದು.

ಸರಾಸರಿ ಕಡಿಮೆ ಇದೆ ಎಂದು ಎರಡನ್ನೂ ಮಾರಿ ಕೂರುವುದಕ್ಕೆ ಈ ಲೆಕ್ಕ ಅನುಮತಿ ಕೊಡುವುದಿಲ್ಲ. ಎಂಟರ ಸರಾಸರಿ ಮೂರು ಇದ್ದರೂ ಒಂಬತ್ತನೆಯದು 2023ರ ಏಪ್ರಿಲ್‌ನಂತೆ ಒಂಬತ್ತಾಗಬಹುದು.

ಘಟನೆಯ ಮೇಲೆ ವ್ಯಾಪಾರ ಮಾಡಲೇಬೇಕೆಂದರೆ ಫಲಿತಾಂಶಕ್ಕೆ ಎರಡು ವಾರ ಮೊದಲು ಕೊಂಡು, ಐವಿ ಏರಿರುವಾಗ, ಫಲಿತಾಂಶದ ಹಿಂದಿನ ಮಧ್ಯಾಹ್ನ ಮಾರಿ ಹೊರಬರುವುದು ಹೆಚ್ಚು ವಿವೇಕದ ದಾರಿ. ಐವಿಯ ಏರಿಕೆ ದಿನಗಳ ಕರಗುವಿಕೆಯನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ. ಪೂರ್ತಿ ತುಂಬಿಕೊಡುವುದಿಲ್ಲ.

ಎಷ್ಟು ದುಡ್ಡು, ಎಷ್ಟು ಲಾಟ್

ಒಂದು ವ್ಯಾಪಾರದಲ್ಲಿ ಒಟ್ಟು ಬಂಡವಾಳದ ಶೇ. 2ಕ್ಕಿಂತ ಹೆಚ್ಚು ಹೋಗಬಾರದು ಎಂದಿಟ್ಟುಕೊಳ್ಳಿ. ₹5 ಲಕ್ಷ ಬಂಡವಾಳಕ್ಕೆ ಅದು ₹10,000. ₹39ರ ಕಾಲ್ ಒಂದು ಲಾಟ್‌ಗೆ ₹15,600. ಅಂದರೆ ಐದು ಲಕ್ಷ ಇರುವವರಿಗೂ ಒಂದೇ ಲಾಟ್ ಮಿತಿ ಮೀರುತ್ತದೆ! ಅರ್ಧ ಬೆಲೆಗೆ ಬಂದಾಗ ಹೊರಬರುತ್ತೇನೆ, ಹಾಗಾಗಿ ನಷ್ಟ ₹7,800 ಮಾತ್ರ ಎಂಬ ವಾದ ಸಾಮಾನ್ಯ ದಿನಗಳಿಗೆ ಸರಿ. ಫಲಿತಾಂಶ ಅಥವಾ ಉದ್ದ ರಜೆ ನಡುವೆ ಬಂದರೆ ಪೂರ್ತಿ ಪ್ರೀಮಿಯಂ ಹೋಗುತ್ತದೆ ಎಂದೇ ಲೆಕ್ಕ ಹಾಕಬೇಕು.

ಇಂಥ ಕಡೆ ಸ್ಪ್ರೆಡ್ ಉಪಯೋಗಕ್ಕೆ ಬರುತ್ತದೆ. 1500ರ ಕಾಲ್ ₹39ಕ್ಕೆ ಕೊಂಡು, ಅದೇ ತಿಂಗಳ 1560ರ ಕಾಲ್ ₹17ಕ್ಕೆ ಮಾರಿ. ಖರ್ಚು ₹22, ಲಾಟ್‌ಗೆ ₹8,800. ಅದೇ ಗರಿಷ್ಠ ನಷ್ಟ. ಗರಿಷ್ಠ ಲಾಭ 60ರಲ್ಲಿ 22 ಕಳೆದು ₹38, ಅಂದರೆ ₹15,200. ಷೇರು ₹1,522 ದಾಟಿದರೆ ಲಾಭದ ಕಡೆ. 1560ರ ಮೇಲಿನ ಲಾಭ ಬಿಟ್ಟುಕೊಟ್ಟಿರಿ, ಬದಲಿಗೆ ದಿನಗಳ ಕರಗುವಿಕೆಯೂ ಐವಿ ಕುಸಿತವೂ ಅರ್ಧಕ್ಕಿಂತ ಹೆಚ್ಚು ತಗ್ಗಿದವು. ಆರ್ಡರ್ ಹಾಕುವಾಗ ಮೊದಲು ಕೊಳ್ಳುವುದನ್ನು ಮುಗಿಸಿ, ಆಮೇಲೆ ಮಾರಿ. ತಿರುಗಿಸಿ ಮಾಡಿದರೆ ನಡುವೆ ಪೂರ್ತಿ ಮಾರ್ಜಿನ್ ಕೇಳುತ್ತದೆ. ಹೊರಬರುವಾಗ ಮೊದಲು ಮಾರಿದ್ದನ್ನು ವಾಪಸ್ ಕೊಳ್ಳಿ.

ಒಂದೇ ವಲಯದ ಮೂರು ಷೇರುಗಳಲ್ಲಿ ಮೂರು ಕಾಲ್ ಇದ್ದರೆ ಅದನ್ನು ಮೂರು ವ್ಯಾಪಾರವೆಂದು ಎಣಿಸಬೇಡಿ. ಒಂದು ಐಟಿ ಕಂಪನಿಯ ಮುನ್ನೋಟ ಕೆಟ್ಟರೆ ಉಳಿದವೂ ಅದೇ ಬೆಳಗ್ಗೆ ಬೀಳುತ್ತವೆ. ಶೇ. 2ರ ಮಿತಿಯನ್ನು ಮೂರಕ್ಕೂ ಸೇರಿಸಿ ಹಾಕಿ.

ಆಪ್ಷನ್ ಮಾರುವವರಿಗೆ

"ಮಾರಿದರೆ ಹತ್ತರಲ್ಲಿ ಎಂಟು ಸಲ ಗೆಲ್ಲುತ್ತೇವೆ" ಎಂಬ ಮಾತು ಕೇಳಿರುತ್ತೀರಿ. ಗೆಲ್ಲುವ ಸಲಗಳನ್ನು ಎಣಿಸುವುದಕ್ಕಿಂತ ಸೋತ ಸಲ ಎಷ್ಟು ಹೋಗುತ್ತದೆ ಎಂದು ನೋಡಬೇಕು. 20 ದಿನ ಇರುವಾಗ 1420ರ ಪುಟ್ ಅನ್ನು ₹11ಕ್ಕೆ ಮಾರಿದರೆ ಕೈಗೆ ₹4,400. ಷೇರು ಶೇ. 5 ಬಿದ್ದರೂ ಸ್ಟ್ರೈಕ್ ಮುಟ್ಟುವುದಿಲ್ಲ, ಆರಾಮ ಅನ್ನಿಸುತ್ತದೆ. 2019ರ ಅಕ್ಟೋಬರ್‌ನಂತೆ ಒಂದೇ ಬೆಳಗ್ಗೆ ಶೇ. 16 ಬಿದ್ದರೆ ಷೇರು ₹1,260. ಪುಟ್‌ನ ಬೆಲೆ ಕಡಿಮೆ ಎಂದರೂ ₹160. ನಷ್ಟ ₹149 × 400 = ₹59,600. ಹದಿಮೂರು ತಿಂಗಳು ಸತತ ಗೆದ್ದು ಸೇರಿಸಿದ್ದು ಒಂದು ಬೆಳಗ್ಗೆಗೆ ಹೋಯಿತು. ಅಂಥ ದಿನ ಮಾರ್ಜಿನ್ ಕೂಡ ಏರುತ್ತದೆ. ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ರೋಕರ್ ಅತ್ಯಂತ ಕೆಟ್ಟ ಬೆಲೆಗೆ ಪೊಸಿಷನ್ (ಕೈಯಲ್ಲಿ ತೆರೆದಿರುವ ವ್ಯಾಪಾರ) ಮುಗಿಸುತ್ತಾನೆ.

ಫ್ಯೂಚರ್ಸ್-ಆಪ್ಷನ್ಸ್ ಇರುವ ಷೇರುಗಳಿಗೆ ಸ್ಥಿರವಾದ ಸರ್ಕ್ಯೂಟ್ ಮಿತಿ (ದಿನಕ್ಕೆ ಬೆಲೆ ಏರಿಳಿಯಬಹುದಾದ ಮಿತಿ) ಇಲ್ಲ ಎಂಬುದನ್ನು ಮಾರುವವರು ಮರೆಯಬಾರದು. ಶೇ. 10ರಿಂದ ಶುರುವಾಗುವ ಮಿತಿ ವಹಿವಾಟು ನಡೆದಂತೆ ಹಿಗ್ಗುತ್ತ ಹೋಗುತ್ತದೆ. ಬಿಡಿ ಷೇರಿನಲ್ಲಿ ಬರೀ ಮಾರುವ ಪೊಸಿಷನ್ ಇಟ್ಟುಕೊಳ್ಳಬೇಡಿ. ಕೆಳಗಿನ ಸ್ಟ್ರೈಕ್‌ನ ಪುಟ್ ಒಂದನ್ನು ಕೊಂಡೇ ಮಾರಿ. ಪ್ರೀಮಿಯಂ ಕಡಿಮೆಯಾಗುತ್ತದೆ, ಆದರೆ ಗರಿಷ್ಠ ನಷ್ಟ ಬರೆದಿಡಬಹುದಾದ ಸಂಖ್ಯೆಯಾಗುತ್ತದೆ.

ಆರ್ಡರ್ ಹಾಕುವ ಹೊತ್ತು

ಬ್ರೋಕರೇಜ್ ₹20 ಉಳಿಸಲು ಖಾತೆ ಬದಲಿಸುವವರು ಬಿಡ್-ಆಸ್ಕ್ ಅಂತರ ನೋಡುವುದಿಲ್ಲ. ಒಂದು ಆಪ್ಷನ್‌ಗೆ ಬಿಡ್ ₹24, ಆಸ್ಕ್ ₹26.50 ಇದೆ ಎನ್ನಿ. ಆಸ್ಕ್‌ನಲ್ಲಿ ಕೊಂಡು ಆ ಕ್ಷಣವೇ ಬಿಡ್‌ನಲ್ಲಿ ಮಾರಿದರೆ ₹2.50 × 400 = ₹1,000 ನಷ್ಟ. ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), ಬ್ರೋಕರೇಜ್, ಜಿಎಸ್‌ಟಿ ಎಲ್ಲ ಸೇರಿದರೂ ಇದರ ಹತ್ತಿರ ಬರುವುದಿಲ್ಲ. (ಆಪ್ಷನ್ ಮಾರಾಟದ ಮೇಲಿನ ಎಸ್‌ಟಿಟಿ 2024ರ ಅಕ್ಟೋಬರ್ 1ರಿಂದ ಪ್ರೀಮಿಯಂನ ಶೇ. 0.0625ರಿಂದ 0.1ಕ್ಕೆ ಏರಿತು. ಬಜೆಟ್‌ಗಳಲ್ಲಿ ಇದು ಬದಲಾಗುತ್ತಿರುತ್ತದೆ, ಈಗಿನ ದರ ನಿಮ್ಮ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಸಿಗುತ್ತದೆ.)

ಅಂತರ ಪ್ರೀಮಿಯಂನ ಶೇ. 2-3ರೊಳಗಿದ್ದರೆ ಸರಿ, ಶೇ. 5 ದಾಟಿದರೆ ಆ ಸ್ಟ್ರೈಕ್ ಬೇಡ. ಯಾವಾಗಲೂ ಲಿಮಿಟ್ ಆರ್ಡರ್, ಎಂದರೆ ನೀವೇ ಬೆಲೆ ಹೇಳಿ ಹಾಕುವ ಆರ್ಡರ್. ಬಿಡ್-ಆಸ್ಕ್ ನಡುವಿನ ಬೆಲೆಯಿಂದ ಶುರುಮಾಡಿ, ಒಂದೆರಡು ನಿಮಿಷ ಕಾದು, ಹತ್ತಿಪ್ಪತ್ತು ಪೈಸೆ ಸರಿಸುತ್ತ ಹೋಗಿ. ಬೆಳಗ್ಗೆ 9.15ರಿಂದ ಮೊದಲ ಕಾಲು ಗಂಟೆ ಷೇರು ಆಪ್ಷನ್‌ಗಳಲ್ಲಿ ಬಿಡ್-ಆಸ್ಕ್ ಎಲ್ಲೆಲ್ಲೋ ಇರುತ್ತದೆ, ಆಗ ಏನೂ ಮಾಡಬೇಡಿ. ತುರ್ತಾಗಿ ಹೊರಬರುವುದಿದ್ದರೂ ಲಿಮಿಟ್‌ನಲ್ಲೇ.

ಸ್ಟಾಪ್‌ಲಾಸ್ ಅನ್ನು ಆಪ್ಷನ್ ಬೆಲೆಗಿಂತ ಷೇರಿನ ಬೆಲೆಯ ಮೇಲೆ ಯೋಚಿಸುವುದು ಒಳ್ಳೆಯದು. ಗಿರಾಕಿ ಕಡಿಮೆ ಇರುವ ಆಪ್ಷನ್‌ನಲ್ಲಿ ಯಾರೋ ಒಬ್ಬರ ಆತುರದ ಆರ್ಡರ್ ಬೆಲೆಯನ್ನು ಕ್ಷಣಕಾಲ ಕೆಳಗೆಳೆದು ನಿಮ್ಮ ಸ್ಟಾಪ್ ಮುಟ್ಟಿಸಬಹುದು, ಷೇರು ಅಲ್ಲಾಡಿಯೇ ಇರುವುದಿಲ್ಲ. ಷೇರು ₹1,470ಕ್ಕೆ ಬಂದರೆ ಎಚ್ಚರಿಸುವಂತೆ ಆ್ಯಪ್‌ನಲ್ಲಿ ಅಲರ್ಟ್ ಇಟ್ಟು, ಬಂದಾಗ ಕೈಯಾರೆ ಹೊರಬನ್ನಿ. ಪರದೆ ನೋಡಲಾಗದ ಕೆಲಸದಲ್ಲಿರುವವರು ಗರಿಷ್ಠ ನಷ್ಟ ಮೊದಲೇ ಗೊತ್ತಿರುವ ಸ್ಪ್ರೆಡ್‌ಗಳನ್ನಷ್ಟೇ ಮಾಡಲಿ.

ಎಕ್ಸ್‌ಪೈರಿ ವಾರ: ಆರು ಲಕ್ಷ ಎದುರು ಬರುವ ಹೊತ್ತು

2019ರ ಅಕ್ಟೋಬರ್ ಎಕ್ಸ್‌ಪೈರಿಯಿಂದ ಎಲ್ಲ ಷೇರು ಫ್ಯೂಚರ್ಸ್-ಆಪ್ಷನ್ಸ್ ಲೆಕ್ಕ ಷೇರಿನ ಕೊಡು-ಕೊಳ್ಳುವಿಕೆಯಲ್ಲೇ ಮುಗಿಯುತ್ತದೆ. ಎಕ್ಸ್‌ಪೈರಿ ದಿನ ಇನ್-ದಿ-ಮನಿ ಆಗಿ (ಷೇರು ಕಾಲ್‌ನ ಸ್ಟ್ರೈಕ್‌ಗಿಂತ ಮೇಲೆ ಅಥವಾ ಪುಟ್‌ನ ಸ್ಟ್ರೈಕ್‌ಗಿಂತ ಕೆಳಗೆ) ಮುಗಿದ ಆಪ್ಷನ್ ತಾನಾಗಿಯೇ ಎಕ್ಸರ್‌ಸೈಜ್ ಆಗುತ್ತದೆ, ಎಂದರೆ ಹಕ್ಕು ಚಲಾವಣೆಯಾಗುತ್ತದೆ, ಬೇಡ ಎನ್ನುವ ಅವಕಾಶ ಈಗಿಲ್ಲ. ಷೇರು ₹1,501ಕ್ಕೆ ಮುಗಿದರೂ ನಿಮ್ಮ 1500ರ ಕಾಲ್‌ಗೆ ₹6 ಲಕ್ಷ ಕೊಟ್ಟು 400 ಷೇರು ತೆಗೆದುಕೊಳ್ಳಬೇಕು. ಈವರೆಗಿನ ಪದ್ಧತಿಯಲ್ಲಿ ಮುಕ್ತಾಯದ ಬೆಲೆ ಎಂದರೆ 3.30ರ ಕೊನೆಯ ವಹಿವಾಟಿನದಲ್ಲ, ಕೊನೆಯ ಅರ್ಧ ಗಂಟೆಯ ಸರಾಸರಿ. ಪರದೆಯಲ್ಲಿ 1498 ಕಂಡು ನಿಶ್ಚಿಂತರಾದವರಿಗೆ ಸರಾಸರಿ 1502 ಬಂದು ಡೆಲಿವರಿ ತಗಲಬಹುದು.

ಪುಟ್ ಇನ್ನೂ ಬಿಗಿ. ಷೇರು ಕೈಯಲ್ಲಿಲ್ಲದೆ ಪುಟ್ ಇಟ್ಟುಕೊಂಡು ಅದು ಇನ್-ದಿ-ಮನಿ ಆದರೆ 400 ಷೇರು ಕೊಡುವ ಹೊಣೆ ನಿಮ್ಮದು. ಕೊಡದಿದ್ದರೆ ಷೇರು ಆಕ್ಷನ್‌ಗೆ (ಹರಾಜಿಗೆ) ಹೋಗುತ್ತದೆ, ಅಲ್ಲಿನ ಬೆಲೆ ವ್ಯತ್ಯಾಸ ಮತ್ತು ದಂಡ ನೀವೇ ತೆರಬೇಕು.

ಇನ್-ದಿ-ಮನಿ ಆಪ್ಷನ್ ಕೊಂಡವರಿಗೆ ಎಕ್ಸ್‌ಪೈರಿಗೆ ನಾಲ್ಕು ದಿನ ಇರುವಾಗ ಡೆಲಿವರಿ ಮಾರ್ಜಿನ್‌ನ ಶೇ. 10, ಮೂರು ದಿನಕ್ಕೆ 25, ಎರಡಕ್ಕೆ 45, ಹಿಂದಿನ ದಿನಕ್ಕೆ 70 ಹಿಡಿಯಲಾಗುತ್ತದೆ. ಅನೇಕ ಬ್ರೋಕರ್‌ಗಳು ಇದಕ್ಕಿಂತ ಹೆಚ್ಚೇ ಕೇಳುತ್ತಾರೆ, ಕೊನೆಯ ದಿನಗಳಲ್ಲಿ ಹೊಸದಾಗಿ ಕೊಳ್ಳಲು ಬಿಡುವುದಿಲ್ಲ, ಹಣವಿಲ್ಲದಿದ್ದರೆ ತಾವೇ ಮುಗಿಸುತ್ತಾರೆ. ನಿಮ್ಮ ಬ್ರೋಕರ್‌ನ ನಿಯಮವನ್ನು ತಿಂಗಳ ಮೊದಲ ವಾರವೇ ಓದಿಟ್ಟುಕೊಳ್ಳಿ. ಡೆಲಿವರಿ ಬೇಡವೆಂದರೆ ಹಿಂದಿನ ವಾರದ ಗುರುವಾರದೊಳಗೆ ಷೇರು ಆಪ್ಷನ್‌ಗಳಿಂದ ಹೊರಗಿರಿ. ಕೊನೆಯ ಮೂರು ದಿನದ ಆಸೆಗೆ ಇಷ್ಟೆಲ್ಲ ತೊಂದರೆ ಮೈಮೇಲೆಳೆದುಕೊಳ್ಳುವುದು ಬೇಡ.

ಸ್ಪ್ರೆಡ್ ಇದ್ದವರು ತಾವು ಸುರಕ್ಷಿತ ಅಂದುಕೊಳ್ಳುವುದು ಸಾಮಾನ್ಯ ತಪ್ಪು. ಷೇರು ₹1,560ರ ಮೇಲೆ ಮುಗಿದರೆ ಎರಡೂ ಕಾಲ್ ಇನ್-ದಿ-ಮನಿ, ಒಂದರ ಷೇರು ಇನ್ನೊಂದಕ್ಕೆ ಹೊಂದಿಕೆಯಾಗಿ ಡೆಲಿವರಿ ಇರುವುದಿಲ್ಲ. 1500ರ ಕೆಳಗೆ ಮುಗಿದರೆ ಎರಡೂ ಸೊನ್ನೆ. ಆದರೆ 1540ರಲ್ಲಿ ಮುಗಿದರೆ? ನೀವು ಮಾರಿದ 1560 ಸೊನ್ನೆಯಾಗುತ್ತದೆ, ಕೊಂಡ 1500 ಎಕ್ಸರ್‌ಸೈಜ್ ಆಗುತ್ತದೆ. ₹8,800 ಹಾಕಿದ ವ್ಯಾಪಾರಕ್ಕೆ ₹6 ಲಕ್ಷ ಹೊಂದಿಸಬೇಕು.

ಆಳವಾಗಿ ಇನ್-ದಿ-ಮನಿಯಾದ ಆಪ್ಷನ್‌ಗೆ ಕೊನೆಯ ದಿನಗಳಲ್ಲಿ ಸರಿಯಾದ ಬಿಡ್ ಸಿಗುವುದಿಲ್ಲ. ಷೇರು ₹1,580 ಇದ್ದಾಗ 1500ರ ಕಾಲ್‌ಗೆ ₹80 ಸಿಗಬೇಕು, ಆದರೆ ಬಿಡ್ ₹74 ಇರಬಹುದು, ಲಾಟ್‌ಗೆ ₹2,400 ಕಡಿಮೆ. ಮಾರ್ಜಿನ್ ಇದ್ದರೆ ಒಂದು ದಾರಿಯಿದೆ: ಅದೇ ತಿಂಗಳ ಫ್ಯೂಚರ್ ಒಂದು ಲಾಟ್ ಮಾರಿಬಿಡಿ. ಎಕ್ಸ್‌ಪೈರಿಯಲ್ಲಿ ಕಾಲ್‌ನಿಂದ ಬರುವ ಷೇರು ಫ್ಯೂಚರ್‌ಗೆ ಕೊಡಬೇಕಾದ ಷೇರಿಗೆ ಹೊಂದಿಕೆಯಾಗುತ್ತದೆ. ಷೇರು ಎಕ್ಸ್‌ಪೈರಿಗೆ ಮೊದಲು 1500ರತ್ತ ಕುಸಿದರೆ ಮಾತ್ರ ಎಚ್ಚರ. ಕಾಲ್ ಸೊನ್ನೆಯಾಗಿ ಫ್ಯೂಚರ್ ಒಂಟಿಯಾಗಿ ಉಳಿದರೆ 400 ಷೇರು ಕೊಡಬೇಕಾಗುತ್ತದೆ, ಆದ್ದರಿಂದ ಆಗ 3 ಗಂಟೆಗೆ ಮೊದಲೇ ಎರಡನ್ನೂ ಮುಗಿಸಿ.

ಉಳಿದ ಕೆಲವು ವಿಷಯ

ಒಂದು ಷೇರಿನ ಒಟ್ಟು ಪೊಸಿಷನ್ ಮಾರುಕಟ್ಟೆಯ ಮಿತಿಯ ಶೇ. 95 ದಾಟಿದರೆ ಅದು ಬ್ಯಾನ್ ಪಟ್ಟಿಗೆ ಸೇರುತ್ತದೆ, ಶೇ. 80ಕ್ಕೆ ಇಳಿಯುವವರೆಗೆ ಪೊಸಿಷನ್ ಕಡಿಮೆ ಮಾಡಲು ಮಾತ್ರ ಅವಕಾಶ.  ಪಟ್ಟಿ ಪ್ರತಿದಿನ ಎನ್‌ಎಸ್‌ಇ ಪ್ರಕಟಿಸುತ್ತದೆ.

ಬೋನಸ್, ಷೇರು ವಿಭಜನೆ ಬಂದಾಗ ಸ್ಟ್ರೈಕ್ ಮತ್ತು ಲಾಟ್ ಹೊಂದಿಸಲಾಗುತ್ತದೆ, ಅದರಿಂದ ಲಾಭ-ನಷ್ಟವಿಲ್ಲ. ಆದರೆ ಹೊಂದಿಸಿದ ಮೇಲೆ ಬರುವ ಬೆಸ ಸಂಖ್ಯೆಯ ಸ್ಟ್ರೈಕ್‌ಗಳಲ್ಲಿ ಗಿರಾಕಿಗಳು ಕಡಿಮೆಯಾಗುತ್ತಾರೆ. ಎಕ್ಸ್-ಡೇಟ್‌ಗೆ ಮುನ್ನವೇ ಹೊರಬಂದರೆ ಒಳ್ಳೆಯದು. ಸಾಮಾನ್ಯ ಲಾಭಾಂಶಕ್ಕೆ ಹೊಂದಿಕೆ ಇಲ್ಲ, ಎಕ್ಸ್-ಡೇಟ್ ದಿನ ಷೇರು ಅಷ್ಟು ಇಳಿಯುವುದನ್ನು ಕಾಲ್ ಕೊಂಡವರು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ರತಿ ವ್ಯಾಪಾರಕ್ಕೂ ಆರ್ಡರ್ ಹಾಕುವ ಮೊದಲೇ ಬರೆದಿಡಿ: ಯಾಕೆ, ಎಷ್ಟು ದಿನದಲ್ಲಿ, ಷೇರು ಎಲ್ಲಿಗೆ ಬಂದರೆ ಹೊರಗೆ, ಯಾವ ತಾರೀಖಿಗೆ ಹೊರಗೆ, ಕೊಂಡ ದಿನದ ಐವಿ, ಪೂರ್ತಿ ಹೋದರೆ ಎಷ್ಟು. ಮುಗಿದ ಮೇಲೆ ಬೆಲೆಯ ಪಕ್ಕದಲ್ಲಿ ಹೊರಬಂದ ದಿನದ ಐವಿಯನ್ನೂ ಬರೆಯಿರಿ. ಇಪ್ಪತ್ತು ಮೂವತ್ತು ವ್ಯಾಪಾರ ಸೇರಿದಾಗ ದುಡ್ಡು ಹೋದದ್ದು ದಿಕ್ಕಿನಿಂದಲೋ, ದಿನದಿಂದಲೋ, ಐವಿಯಿಂದಲೋ ಎಂದು ಬೇರೆ ಬೇರೆ ಕಾಣುತ್ತದೆ, ತಿದ್ದಿಕೊಳ್ಳಬೇಕಾದ್ದೂ ಗೊತ್ತಾಗುತ್ತದೆ.

ತೆರಿಗೆಯಲ್ಲಿ ಆಪ್ಷನ್ ಲಾಭ-ನಷ್ಟ ವ್ಯಾಪಾರದ ಆದಾಯದ ಲೆಕ್ಕಕ್ಕೆ ಬರುತ್ತದೆ. ಸಂಬಳದವರೂ ಐಟಿಆರ್-3 ತುಂಬಬೇಕು. ನಷ್ಟವಾದ ವರ್ಷ "ಆದಾಯವೇ ಇಲ್ಲವಲ್ಲ" ಎಂದು ಇದನ್ನು ಬಿಟ್ಟುಬಿಡುವವರಿದ್ದಾರೆ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಮಾತ್ರ ಆ ನಷ್ಟವನ್ನು ಮುಂದಿನ ಎಂಟು ವರ್ಷಗಳ ವ್ಯಾಪಾರದ ಲಾಭದಿಂದ ಕಳೆಯಲು ಬರುತ್ತದೆ. ಅದಕ್ಕೆ ಕಾಂಟ್ರ್ಯಾಕ್ಟ್ ನೋಟ್‌ಗಳನ್ನೂ ಬ್ರೋಕರ್ ಕೊಡುವ ವರ್ಷದ ಲಾಭ-ನಷ್ಟದ ಪಟ್ಟಿಯನ್ನೂ ಮಾರ್ಚ್ ಮುಗಿದ ಕೂಡಲೇ ಇಳಿಸಿಕೊಂಡು ತೆಗೆದಿಡಿ.